ಬೆಳೆಯುವ ಕಾಲಿಗೆ ಎಷ್ಟು ಹೊರೆ?



ಸ್ಪೇನಿನ ಫುಟ್‌ಬಾಲ್ ಆಟಗಾರ ಪೆದ್ರಿಯಿಂದ ಶುರು ಮಾಡುತ್ತೇನೆ. 2020ರ ಬೇಸಿಗೆಯಲ್ಲಿ ಬಾರ್ಸಿಲೋನಾ ಕ್ಲಬ್ಬಿಗೆ ಬಂದಾಗ ಅವನಿಗೆ 17 ವರ್ಷ. ಮುಂದಿನ ಒಂದು ಋತುವಿನಲ್ಲಿ ಕ್ಲಬ್ಬು, ದೇಶದ ತಂಡ, ಯೂರೋ ಕಪ್, ಟೋಕಿಯೋ ಒಲಿಂಪಿಕ್ಸ್ ಎಲ್ಲ ಸೇರಿ 73 ಪಂದ್ಯ ಆಡಿದ. ಒಲಿಂಪಿಕ್ಸ್ ಫೈನಲ್ ನಡೆದದ್ದು 2021ರ ಆಗಸ್ಟ್ 7ರಂದು. ಸೆಪ್ಟೆಂಬರಿನಲ್ಲಿ ಬೇಯರ್ನ್ ಮ್ಯೂನಿಕ್ ವಿರುದ್ಧ ಆಡುವಾಗ ತೊಡೆಯ ಸ್ನಾಯು ಕೈಕೊಟ್ಟಿತು. ತಿಂಗಳುಗಟ್ಟಲೆ ಹೊರಗುಳಿದ. ಮರಳಿ ಬಂದವನು ಏಪ್ರಿಲಿನಲ್ಲಿ ಮತ್ತೆ ತೊಡೆ ಹಿಡಿದುಕೊಂಡು ಮೈದಾನ ಬಿಟ್ಟ.

ಇದಕ್ಕೆ 73 ಪಂದ್ಯಗಳೇ ಕಾರಣ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಜಗತ್ತಿನಲ್ಲಿ ಸಿಗುವ ಅಳತೆಯ ಸಾಧನಗಳೆಲ್ಲ ಅಂಥ ಕ್ಲಬ್ಬಿನ ಕೈಯಲ್ಲಿರುತ್ತವೆ. ಅಳೆಯುವವರಿಗೂ ಕೊರತೆಯಿಲ್ಲ, ಅಂಕಿಗೂ ಕೊರತೆಯಿಲ್ಲ. ಹಾಗಿದ್ದೂ ಹುಡುಗ ಆಡುತ್ತಲೇ ಹೋದ. ಆದ್ದರಿಂದ ಇವತ್ತು ನಾನು ಯಂತ್ರಗಳ ಬಗ್ಗೆ ಸ್ವಲ್ಪವೇ ಹೇಳಿ, ಅಂಕಿ ಯಾರ ಬಾಯಿಂದ ಬರಬೇಕು, ಯಾರ ಕೈ ಸೇರಬೇಕು ಎನ್ನುವುದರ ಬಗ್ಗೆ ಹೆಚ್ಚು ಹೇಳುತ್ತೇನೆ.

ಆಟಗಾರರು ಜೆರ್ಸಿಯ ಒಳಗೆ ಹಾಕುವ ಗಿಡ್ಡ ಕಪ್ಪು ಬನಿಯನ್ನು ಟಿ.ವಿ.ಯಲ್ಲಿ ನೀವು ನೋಡಿರುತ್ತೀರಿ. ಅದರ ಬೆನ್ನಿನ ಜೇಬಿನಲ್ಲಿ ಜಿಪಿಎಸ್ ಸಾಧನ ಇರುತ್ತದೆ. ಎಷ್ಟು ದೂರ, ಎಷ್ಟು ವೇಗ, ಎಷ್ಟು ಸಲ ಗಕ್ಕನೆ ನಿಂತದ್ದು ಎಂಬುದನ್ನೆಲ್ಲ ಅದು ದಾಖಲಿಸುತ್ತದೆ. ದೊಡ್ಡವರ ಫುಟ್‌ಬಾಲಿನಲ್ಲಿ ಗಂಟೆಗೆ 19.8 ಕಿ.ಮೀ. ದಾಟಿದರೆ ವೇಗದ ಓಟ, 25.2 ಕಿ.ಮೀ. ದಾಟಿದರೆ ಸ್ಪ್ರಿಂಟ್ ಎಂದು ಲೆಕ್ಕ ಹಾಕುವ ರೂಢಿ ಇದೆ. ಇದೇ ಗೆರೆಯನ್ನು 13 ವರ್ಷದ ಹುಡುಗನಿಗೂ ಎಳೆದರೆ ಏನಾಗುತ್ತದೆ? ಅವನು ಜೀವ ಬಿಟ್ಟು ಓಡಿದರೂ ಗಂಟೆಗೆ 24 ಕಿ.ಮೀ. ಅಂದುಕೊಳ್ಳಿ. ಇಡೀ ಪಂದ್ಯ ಬೆವರು ಸುರಿಸಿದರೂ ಅವನ ಸ್ಪ್ರಿಂಟ್ ಕಾಲಂನಲ್ಲಿ ಸೊನ್ನೆ! ಕಂಪ್ಯೂಟರ್ ನೋಡಿ ಅವನನ್ನು ಸೋಮಾರಿ ಎನ್ನುವ ಕೋಚ್ ಸಿಕ್ಕಿದರಂತೂ ಮುಗಿಯಿತು. ಯಂತ್ರ ಅಳೆಯುವುದು ಮಾಡಿದ ಕೆಲಸವನ್ನು. ಆ ಕೆಲಸಕ್ಕೆ ಮೈ ತೆತ್ತ ಬೆಲೆಯನ್ನಲ್ಲ. ಒಂದೇ ಮೂಟೆಯನ್ನು ಅಪ್ಪ ಹೊತ್ತರೂ ಮಗ ಹೊತ್ತರೂ ತಕ್ಕಡಿ ತೋರಿಸುವ ತೂಕ ಒಂದೇ.

ಬೆಲೆ ತಿಳಿಯಲು ಒಂದು ಅಗ್ಗದ ದಾರಿ ಇದೆ. ಹುಡುಗನನ್ನೇ ಕೇಳುವುದು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ದಣಿವಿಗೆ ಅಂಕ ಕೊಡುವ ಮಾಪಕ ರೂಪಿಸಿದರು. ಅಮೆರಿಕದ ಕಾರ್ಲ್ ಫಾಸ್ಟರ್ 1990ರ ದಶಕದಲ್ಲಿ ಅದನ್ನು ದಿನನಿತ್ಯದ ತರಬೇತಿಗೆ ಒಗ್ಗಿಸಿದರು. ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆಯಾದ ಮೇಲೆ ಒಂದೇ ಪ್ರಶ್ನೆ: ‘ಇವತ್ತು ಎಷ್ಟು ಕಷ್ಟ ಅನ್ನಿಸಿತು?’ ಉತ್ತರ 0ಯಿಂದ 10ರ ಒಳಗೆ. ಅದನ್ನು ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ. 90 ನಿಮಿಷದ ಪ್ರಾಕ್ಟೀಸಿಗೆ ಒಬ್ಬ 4 ಅಂದರೆ 360, ಪಕ್ಕದವನು 7 ಅಂದರೆ 630. ಇಬ್ಬರೂ ಮಾಡಿದ್ದು ಅದೇ ಡ್ರಿಲ್, ಕೇಳಿದ್ದು ಅದೇ ವಿಷಲ್.

ಅರ್ಧ ಗಂಟೆ ಕಾಯುವುದಕ್ಕೆ ಕಾರಣವಿದೆ. ಕೊನೆಯ ಐದು ನಿಮಿಷ ಓಡಿಸಿದ್ದರೆ ತಕ್ಷಣದ ಉತ್ತರದಲ್ಲಿ ಆ ಐದು ನಿಮಿಷವೇ ತುಂಬಿರುತ್ತದೆ. ‘ಹುಡುಗರ ಮಾತು ನಂಬುವುದೇ?’ ಎಂಬ ಅನುಮಾನ ಸಹಜ. 2004ರಲ್ಲಿ ಫ್ರಾಂಕೋ ಇಂಪೆಲ್ಲಿಝೇರಿ ಮತ್ತು ಸಂಗಡಿಗರು 19 ಯುವ ಫುಟ್‌ಬಾಲ್ ಆಟಗಾರರನ್ನು ಏಳು ವಾರ ಗಮನಿಸಿ, ಈ ಉತ್ತರಗಳನ್ನು ಹೃದಯಬಡಿತದ ಲೆಕ್ಕದ ಜೊತೆ ಹೋಲಿಸಿದರು. ಎರಡೂ ಸಾಕಷ್ಟು ಹೊಂದಿಕೊಂಡವು. ಪೂರ್ತಿ ಹೊಂದಲಿಲ್ಲ, ಹೊಂದಬೇಕಾಗಿಯೂ ಇರಲಿಲ್ಲ. ರಾತ್ರಿ ನಿದ್ದೆಗೆಟ್ಟದ್ದು ಉತ್ತರದಲ್ಲಿ ಕಾಣಿಸಿಕೊಳ್ಳುವಷ್ಟು ನಾಡಿಯಲ್ಲಿ ಕಾಣಿಸದು.

ಅಂದಾಜು ತಪ್ಪುವುದು ಹುಡುಗರದ್ದಕ್ಕಿಂತ ನಮ್ಮದೇ ಹೆಚ್ಚು. ಫಾಸ್ಟರ್ ಓಟಗಾರರ ಡೈರಿಗಳನ್ನು ಕೋಚ್‌ಗಳ ಯೋಜನೆಯ ಪಕ್ಕ ಇಟ್ಟು ನೋಡಿದರು. ಹಗುರ ಇರಲಿ ಎಂದು ಕೋಚ್ ಬಯಸಿದ ದಿನ ಓಟಗಾರರು ಹೆಚ್ಚು ದಣಿದಿದ್ದರು. ಕಠಿಣ ಇರಲಿ ಎಂದ ದಿನ ಅಷ್ಟು ದಣಿದಿರಲಿಲ್ಲ. ಅಂದರೆ ವಾರವೆಲ್ಲ ಒಂದೇ ಮಟ್ಟ, ಏರಿಲ್ಲ, ಇಳಿವಿಲ್ಲ. ಈ ಏಕತಾನತೆ ತಾನೇ ಒಂದು ಅಪಾಯ ಎಂದು ಫಾಸ್ಟರ್ ಎಣಿಸಿದರು.

ಇನ್ನೊಂದು ಲೆಕ್ಕ ಈಗ ಬಹಳ ಜನಪ್ರಿಯ. ಈ ವಾರದ ಹೊರೆಯನ್ನು, ಈ ವಾರವೂ ಸೇರಿ ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸುವುದು. ಆಸ್ಟ್ರೇಲಿಯಾದ ಟಿಮ್ ಗ್ಯಾಬೆಟ್ 2016ರಲ್ಲಿ ಪ್ರಚಾರಕ್ಕೆ ತಂದ ಪ್ರಕಾರ 0.8ರಿಂದ 1.3 ಕ್ಷೇಮ, 1.5 ದಾಟಿದರೆ ಅಪಾಯ. ಇಂಪೆಲ್ಲಿಝೇರಿಯವರೇ ಮುಂದೆ ಇದನ್ನು ಕಟುವಾಗಿ ಟೀಕಿಸಿದರು. ಈ ವಾರದ ಅಂಕಿ ಮೇಲೂ ಬರುತ್ತದೆ, ಕೆಳಗಿನ ಸರಾಸರಿಯಲ್ಲೂ ಸೇರಿಕೊಳ್ಳುತ್ತದೆ. ಅಲ್ಲದೆ ಸಂಬಂಧ ಕಂಡಿತೆಂದರೆ ಕಾರಣ ಸಿಕ್ಕಿತು ಎಂದಲ್ಲ. ಟೀಕೆ ನ್ಯಾಯವಾದದ್ದೇ. 1.3 ಎಂಬುದು ಲಕ್ಷ್ಮಣರೇಖೆಯಲ್ಲ. ಆದರೆ ಅದರ ಹಿಂದಿರುವ, ಹೊರೆ ಗಕ್ಕನೆ ಏರಬಾರದು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಎಸೆಯಬೇಡಿ. ನಮ್ಮ ಊರಿನ ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ ಹುಡುಗ ಪರೀಕ್ಷೆಯ ತಿಂಗಳಲ್ಲಿ ಚೆಂಡು ಮುಟ್ಟುವುದಿಲ್ಲ. ಪರೀಕ್ಷೆ ಮುಗಿದ ವಾರವೇ ಬೇಸಿಗೆ ಶಿಬಿರ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಭಾಗಿಸಲು ಹೊರಟರೆ ಹಿಂದಿನ ವಾರಗಳಲ್ಲಿ ಇರುವುದೇ ಸೊನ್ನೆಗೆ ಹತ್ತಿರದ ಅಂಕಿ. ಇಲ್ಲಿ ಸೂತ್ರ ಬೇಕಿಲ್ಲ, ಕ್ಯಾಲೆಂಡರ್ ಸಾಕು.

ಪರೀಕ್ಷೆಯ ಮಾತು ಬಂತು. ನೆದರ್ಲೆಂಡ್ಸ್‌ನಲ್ಲಿ ಮಿಷೆಲ್ ಬ್ರಿಂಕ್ ಮತ್ತು ಸಂಗಡಿಗರು 15ರಿಂದ 18 ವರ್ಷದ 53 ಉನ್ನತ ಮಟ್ಟದ ಆಟಗಾರರನ್ನು ಎರಡು ಋತು ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ದೈಹಿಕ ಹೊರೆಗೆ ಗಾಯದ ಜೊತೆಗೂ ಕಾಯಿಲೆಯ ಜೊತೆಗೂ ನಂಟಿತ್ತು. ಮನಸ್ಸಿನ ಒತ್ತಡ ಮತ್ತು ಚೇತರಿಕೆಗೆ ಕಾಯಿಲೆಯ ಜೊತೆ. ಟ್ಯೂಷನ್ನಿನಿಂದ ನೇರ ಮೈದಾನಕ್ಕೆ ಬರುವ ಹುಡುಗ ತರುವುದು ಬೂಟಿನ ಚೀಲವನ್ನಷ್ಟೇ ಅಲ್ಲ.

ಈಗ ನನ್ನ ಮುಖ್ಯ ಮಾತು. ದೊಡ್ಡವರಲ್ಲಿ ಹೊರೆ ಬದಲಾಗುತ್ತದೆ, ಹೊರುವ ದೇಹ ಹೆಚ್ಚುಕಡಿಮೆ ಅದೇ ಇರುತ್ತದೆ. ಹುಡುಗರಲ್ಲಿ ದೇಹವೇ ಬದಲಾಗುತ್ತಿರುತ್ತದೆ. ಸುಮಾರು 14ರ ಹೊತ್ತಿಗೆ ಹುಡುಗರು ಅತಿ ವೇಗವಾಗಿ ಬೆಳೆಯುತ್ತಾರೆ, ಆ ವೇಗ ವರ್ಷಕ್ಕೆ 9–10 ಸೆಂ.ಮೀ. ಮುಟ್ಟುವುದುಂಟು. ಮೂಳೆ ಮುಂದೆ ಓಡುತ್ತದೆ, ಸ್ನಾಯು ಮತ್ತು ಸ್ನಾಯುರಜ್ಜು ಹಿಂದಿನಿಂದ ಬರುತ್ತವೆ. ರಜ್ಜು ಮೂಳೆಗೆ ಅಂಟುವ ಜಾಗ ಇನ್ನೂ ಮೃದು. ಎಳೆತ ಬೀಳುವುದು ಅಲ್ಲಿಗೇ. ಮಂಡಿಚಿಪ್ಪಿನ ಕೆಳಗೆ ನೋವು ಬಂದರೆ ಆಸ್ಗುಡ್–ಶ್ಲಾಟರ್, ಹಿಮ್ಮಡಿಯಲ್ಲಿ ಬಂದರೆ ಸೀವರ್ ಎಂದು ವೈದ್ಯರು ಹೆಸರಿಡುತ್ತಾರೆ. ‘ಬೆಳೆಯೋ ಹುಡುಗ, ಇದೆಲ್ಲ ಇದ್ದದ್ದೇ’ ಎಂದು ಮತ್ತೆ ಮೈದಾನಕ್ಕಿಳಿಸುವುದು ನಮ್ಮ ಪದ್ಧತಿ. ಬೆಳೆಯುತ್ತಿದ್ದಾನೆ ಎನ್ನುವುದೇ ಅಲ್ಲವೇ ಕಡಿಮೆ ಮಾಡಲು ಕಾರಣ?

ಒಂದೇ 14ರೊಳಗಿನ ತಂಡದಲ್ಲಿ ಮೂಳೆಯ ವಯಸ್ಸು ನಾಲ್ಕು ವರ್ಷದಷ್ಟು ಹಿಂದುಮುಂದಾಗಿರಬಹುದು. ಇಂಗ್ಲೆಂಡಿನ ಅಕಾಡೆಮಿಗಳು ಇದಕ್ಕಾಗಿಯೇ, ಹುಡುಗ ತನ್ನ ಅಂತಿಮ ಎತ್ತರದ ಶೇಕಡಾ ಎಷ್ಟನ್ನು ಮುಟ್ಟಿದ್ದಾನೆ ಎಂದು ಅಂದಾಜು ಮಾಡಿ, ಆ ಪ್ರಕಾರ ಗುಂಪು ಕಟ್ಟಿ ಆಡಿಸಿ ನೋಡಿವೆ. ನಮ್ಮಲ್ಲೂ ಮಣಿಕಟ್ಟಿನ ಎಕ್ಸ್-ರೇ ತೆಗೆಯುತ್ತೇವೆ. ಯಾವುದಕ್ಕೆ? ವಯಸ್ಸು ಮುಚ್ಚಿಟ್ಟವರನ್ನು ಹಿಡಿಯುವುದಕ್ಕೆ. ಹಿಡಿಯಲೇಬೇಕು, ತಕರಾರಿಲ್ಲ. ಆದರೆ ಪಾಸೋ ಫೇಲೋ ಎಂದು ತಿಳಿದ ಕೂಡಲೇ ಆ ಫಿಲ್ಮು ಫೈಲಿನಲ್ಲಿ ಮಲಗುತ್ತದೆ. ಅದೇ ಫಿಲ್ಮು ‘ಈ ಹುಡುಗನ ಬೆಳವಣಿಗೆ ಇನ್ನೂ ಬಾಕಿ ಇದೆ, ಈ ವರ್ಷ ಜಿಗಿತ ಕಡಿಮೆ ಮಾಡಿಸಿ’ ಎಂದೂ ಹೇಳುತ್ತದಲ್ಲ, ಅದನ್ನು ಓದುವವರು ಬೇಕು.

ಎಕ್ಸ್-ರೇ ಇಲ್ಲದವರಿಗೆ ಗೋಡೆಯ ಮೇಲೊಂದು ಅಳತೆಪಟ್ಟಿ ಸಾಕು. ಎರಡು–ಮೂರು ತಿಂಗಳಿಗೊಮ್ಮೆ, ಬರಿಗಾಲಲ್ಲಿ, ದಿನದ ಅದೇ ಹೊತ್ತಿನಲ್ಲಿ ನಿಲ್ಲಿಸಿ ಎತ್ತರ ಬರೆಯಿರಿ. ಗೆರೆ ಸರಸರನೆ ಏರತೊಡಗಿದರೆ ಆ ಹುಡುಗನಿಗೆ ಜಿಗಿತ, ಗಕ್ಕನೆ ತಿರುಗುವ ಓಟ, ಗಟ್ಟಿ ನೆಲದ ಮೇಲಿನ ಆಟ ಇವನ್ನು ಕಡಿಮೆ ಮಾಡಿ. ಪೂರ್ತಿ ಕೂರಿಸಬೇಡಿ. ಚೆಂಡಿನ ಹಿಡಿತ, ಪಾಸು ಕೊಡುವುದು ಕಲಿಯಲು ಆ ತಿಂಗಳುಗಳು ಚೆನ್ನಾಗಿಯೇ ಒದಗುತ್ತವೆ.

ಪಕ್ಕದಲ್ಲೇ ಆ ಒಂದು ಪ್ರಶ್ನೆಯ ನೋಟ್‌ಬುಕ್ಕೂ ಇರಲಿ. ಒಂದು ಷರತ್ತು: ಆ ಪುಸ್ತಕ ಆಯ್ಕೆ ಸಮಿತಿಯ ಮೇಜಿಗೆ ಹೋಗಕೂಡದು. 8 ಎಂದು ಬರೆದವನನ್ನು ಒಂದೇ ಒಂದು ಸಲ ‘ನಿನಗೆ ದಮ್ಮಿಲ್ಲ’ ಎಂದು ಪಂದ್ಯದಿಂದ ಕೈಬಿಟ್ಟು ನೋಡಿ. ಮಾರನೆಯ ದಿನ ಇಡೀ ತಂಡ 4 ಎಂದು ಬರೆಯುತ್ತದೆ, ಆಮೇಲೆ ಎಷ್ಟು ವರ್ಷ ಬರೆಸಿದರೂ 4 ದಾಟುವುದಿಲ್ಲ. ಹುಡುಗರು ಒಬ್ಬರೊಬ್ಬರ ಉತ್ತರ ಕೇಳಿಸಿಕೊಳ್ಳದಂತೆಯೂ ನೋಡಿಕೊಳ್ಳಿ, ನಾಯಕ 3 ಅಂದ ಮೇಲೆ 7 ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.

ಕೊನೆಯದಾಗಿ, ಕೋಚ್‌ಗಳ ಕೈಯಲ್ಲಿಲ್ಲದ ಒಂದು ವಿಷಯ. ಚೆನ್ನಾಗಿ ಆಡುವ ಹುಡುಗನನ್ನು ಶಾಲೆ, ಕ್ಲಬ್ಬು, ಅಕಾಡೆಮಿ, ಜಿಲ್ಲಾ ತಂಡ ಎಲ್ಲವೂ ಎಳೆಯುತ್ತವೆ. ಪ್ರತಿಯೊಬ್ಬರೂ ತಮ್ಮ ಪಾಲಿನ ನಿಮಿಷ ಎಣಿಸುತ್ತಾರೆ, ಕೂಡಿಸುವವರು ಯಾರೂ ಇಲ್ಲ. ಖರ್ಚು ಉಳಿಸಲು ಶಾಲಾ ಟೂರ್ನಿಗಳನ್ನು ನಾಲ್ಕೈದು ದಿನಗಳಲ್ಲಿ ಮುಗಿಸುವುದೂ ಉಂಟು; ಆಗ ದಿನಕ್ಕೊಂದು ಪಂದ್ಯ. ಈ ಸಭೆಯಲ್ಲಿ ವೇಳಾಪಟ್ಟಿ ಹಾಕುವ ಪದಾಧಿಕಾರಿಗಳೂ ಕೂತಿದ್ದೀರಿ. ಪಂದ್ಯಗಳ ನಡುವೆ ಒಂದು ದಿನ ಬಿಡಿ; ಊಟ, ವಸತಿಯ ಬಿಲ್ಲು ಹೆಚ್ಚಾದರೆ ತಂಡಗಳ ಸಂಖ್ಯೆ ಇಳಿಸಿ, ಇಲ್ಲವೇ ಪಂದ್ಯದ ಅವಧಿ ಇಳಿಸಿ. ಹುಡುಗರನ್ನು ಕಳಿಸುವ ಶಿಕ್ಷಕರೂ ಆ ಒಂದು ದಿನವನ್ನು ಪತ್ರ ಬರೆದು ಕೇಳಿ.