ಬಯಕೆಯನ್ನೂ ತಟ್ಟಿ ನೋಡಿರಿ



ಕುಂಬಾರಕೊಪ್ಪಲೆಂಬ ಹೆಸರಿನಲ್ಲಿಯೇ ಕುಂಬಾರನಿದ್ದಾನೆ. ಮಡಕೆ ಕೊಳ್ಳುವವರು ಅದನ್ನು ತಟ್ಟಿ, ನಾದ ಕೇಳಿ, ಆಮೇಲೆ ಹಣ ಕೊಡುತ್ತಾರೆ. ತಟ್ಟಿ ನೋಡುವ ಆ ಗಳಿಗೆಯಲ್ಲಿಯೇ 'ಇದು ನನಗೆ ಬೇಕೆ?' ಎಂಬ ವಿಚಾರವೂ ಹುಟ್ಟುತ್ತದೆ.

ಇಂದು ದಿನಸಿಯನ್ನು ಮೊಬೈಲಿನಲ್ಲಿಯೇ ತರಿಸುತ್ತೇವೆ. ಬೆಂಗಳೂರಿನಲ್ಲಿ 2011ರಲ್ಲಿ ಬಿಗ್‌ಬಾಸ್ಕೆಟ್ ಈ ವ್ಯಾಪಾರ ಆರಂಭಿಸಿತು. ನಡೆಯಲಾರದ ವೃದ್ಧರಿಗೆ ಇದರಿಂದ ಉಪಕಾರವಾಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಈಗ ಚಿತ್ರ ನೋಡಿ ವಸ್ತುವನ್ನು ಗುರುತಿಸುವ ಯಂತ್ರವಿದ್ಯೆಯೂ ಬಂದಿದೆ. ಒಂದು ತಿಂಡಿಯ ಚಿತ್ರ ತೋರಿಸಿದರೆ, ಅದರ ಬಣ್ಣ ಆಕಾರಗಳನ್ನು ತಾನು ಕಲಿತ ಚಿತ್ರಗಳೊಡನೆ ಹೋಲಿಸಿ ಹೆಸರು ಹೇಳುತ್ತದೆ; ಅದಕ್ಕೆ ಬೇಕಾದ ಸಾಮಾನನ್ನೂ, ಬೇಡವಾದ ನಾಲ್ಕನ್ನೂ ಮುಂದಿಡಬಲ್ಲದು. ನೋಡುವ ಕಣ್ಣಿಗೂ ಕೊಳ್ಳುವ ಕೈಗೂ ನಡುವೆ ವಿಚಾರಕ್ಕೆ ಬಿಡುವೇ ಇಲ್ಲ.

ಒಪ್ಪಿಗೆಯಿಲ್ಲದೆ ಬುಟ್ಟಿಗೆ ಸರಕು ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು ಮುಂತಾದ 13 ಬಗೆಯ ಮೋಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ನಿಷೇಧಿಸಿತು. ಆದರೆ ನಾವೇ ಆಸೆಪಟ್ಟು ಕೊಂಡದ್ದಕ್ಕೆ ಯಾವ ಕಾನೂನು ಕಾವಲು ನಿಂತೀತು? ಹೋಗುವುದು ಕಾಯಕದ ಹಣ. ದಾಸೋಹಕ್ಕೂ ಮಕ್ಕಳ ಓದಿಗೂ ಸಲ್ಲಬೇಕಾದ ಹಣ.

ಆದುದರಿಂದ, ತಾಯಂದಿರೇ, ಮಹನೀಯರೇ, ಬುಟ್ಟಿಗೆ ಹಾಕಿದ್ದನ್ನು ಒಂದು ರಾತ್ರಿ ಹಾಗೆಯೇ ಬಿಡಿರಿ. ಬೆಳಿಗ್ಗೆ ಅಡಿಗೆಮನೆಯ ಡಬ್ಬಿಗಳನ್ನು ತೆರೆದು ನೋಡಿರಿ. ಯಂತ್ರವು ವಸ್ತುವನ್ನು ಗುರುತಿಸಲಿ. ನಮ್ಮ ಅಗತ್ಯವನ್ನು ನಾವೇ ಗುರುತಿಸಿಕೊಳ್ಳೋಣ.