ನಮ್ಮ ವಿಧಾನಸಭೆ ಯಾವುದು?

 

ಇವತ್ತು ಒಂದು ಪ್ರಶ್ನೆಯಿಂದಲೇ ಆರಂಭಿಸೋಣ. ಬೆಂಗಳೂರಿನ ವಿಧಾನಸೌಧದಲ್ಲಿ ಯಾರು ಮಂತ್ರಿಯಾದರು, ಯಾರು ಪಕ್ಷ ಬಿಟ್ಟರು ಎಂಬ ಸುದ್ದಿ ನಮಗೆಲ್ಲ ಗೊತ್ತಿರುತ್ತದೆ. ಊರಿಗೆ ಫೋನ್ ಮಾಡಿದಾಗ ಅದನ್ನೇ ಮಾತಾಡುತ್ತೇವೆ. ಆದರೆ ನಿಮ್ಮ ಮುಂಬಯಿಯ ಮನೆ ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ? ನಿಮ್ಮ ಶಾಸಕರ ಹೆಸರೇನು? ಸಾಂತಾಕ್ರೂಜ್‌ನವರಿರಲಿ, ಡೊಂಬಿವಲಿಯವರಿರಲಿ, ನಮ್ಮಲ್ಲಿ ಅನೇಕರು ಇಲ್ಲಿ ತಡವರಿಸುತ್ತಾರೆ. 'ಅದು ಅವರ ವಿಧಾನಸಭೆ, ನಮಗೇಕೆ' ಎಂಬ ಭಾವನೆ ಎಲ್ಲೋ ಒಳಗೆ ಉಳಿದುಬಿಟ್ಟಿದೆ. ಆ ಭಾವನೆ ಸರಿಯಲ್ಲ ಎನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ಸ್ವಲ್ಪ ಇತಿಹಾಸ. 1935ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಚುನಾವಣೆ ನಡೆದು, 1937ರಲ್ಲಿ ಮುಂಬಯಿ ಪ್ರಾಂತದ ವಿಧಾನಸಭೆ ಅಸ್ತಿತ್ವಕ್ಕೆ ಬಂತು. ಅದರ ಸದಸ್ಯರು 175 ಮಂದಿ. ಮುಂದೆ ಲೋಕಸಭೆಯ ಮೊದಲ ಅಧ್ಯಕ್ಷರಾದ ಗಣೇಶ ವಾಸುದೇವ ಮಾವಳಂಕರರು ಈ ಸಭೆಯ ಅಧ್ಯಕ್ಷರಾಗಿದ್ದರು. ಮರಾಠಿ ಮತ್ತು ಗುಜರಾತಿ ನಾಡುಗಳ ಪ್ರತಿನಿಧಿಗಳ ಜೊತೆಗೆ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಪ್ರತಿನಿಧಿಗಳೂ ಅಲ್ಲಿ ಕುಳಿತಿದ್ದರು. ಆ ನಾಲ್ಕು ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿ ಎಂದರೆ ಮುಂಬಯಿಯೇ.

ಸಭೆ ನಡೆಯುತ್ತಿದ್ದ ಕಟ್ಟಡವನ್ನು ನೀವು ಬಹಳ ಸಲ ನೋಡಿದ್ದೀರಿ. ಕೊಲಾಬಾ ಕಡೆಗೆ ಹೋಗುವಾಗ ರೀಗಲ್ ಚಿತ್ರಮಂದಿರದ ಎದುರಿಗೆ, ಈಗ ರಾಜ್ಯ ಪೊಲೀಸ್ ಇಲಾಖೆಯ ಕೇಂದ್ರ ಕಚೇರಿ ಇರುವ ಕಲ್ಲಿನ ಕಟ್ಟಡ ಅದು. ಮೂಲದಲ್ಲಿ ಅದು ನಾವಿಕರ ವಸತಿಗೃಹ. 1928ರಲ್ಲಿ ಶಾಸನ ಮಂಡಲ ಅಲ್ಲಿಗೆ ಬಂತು. ನರಿಮನ್ ಪಾಯಿಂಟ್‌ನ ಈಗಿನ ವಿಧಾನ ಭವನ ಉದ್ಘಾಟನೆಯಾದದ್ದು 1981ರಲ್ಲಿ.

ಹಳೆಯ ಆ ಸಭೆಯಲ್ಲಿ ಪಳಗಿದ ಕನ್ನಡಿಗರನ್ನು ನೆನೆಯಬೇಕು. ಜಮಖಂಡಿಯ ಬಿ.ಡಿ. ಜತ್ತಿಯವರು 1952ರ ಚುನಾವಣೆಯ ನಂತರ ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿಯಾಗಿದ್ದರು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ದೇಶದ ಉಪರಾಷ್ಟ್ರಪತಿಯಾದರು. ಮುಂಬಯಿ ಸಭೆಯಲ್ಲಿದ್ದ ಎಸ್.ಆರ್. ಕಂಠಿಯವರು ಏಕೀಕರಣದ ನಂತರ ಮೈಸೂರು ವಿಧಾನಸಭೆಯ ಅಧ್ಯಕ್ಷರಾದರು. ಅಂದಾನಪ್ಪ ದೊಡ್ಡಮೇಟಿಯವರಂತೂ ಏಕೀಕರಣಕ್ಕಾಗಿ ತಮ್ಮ ಶಾಸಕ ಸ್ಥಾನವನ್ನೇ ಬಿಟ್ಟುಕೊಟ್ಟರು. 1956ರ ನವೆಂಬರ್ 1ರಂದು ಆ ನಾಲ್ಕು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು.

ಜಿಲ್ಲೆಗಳು ಹೋದವು, ಆದರೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಕನ್ನಡಿಗರು ಇಲ್ಲೇ ಉಳಿದರು. ಅವರ ಬದುಕನ್ನು ರೂಪಿಸಿದ್ದೂ ಇದೇ ಸಭೆಯ ಕಾನೂನುಗಳು. ಒಂದು ಉದಾಹರಣೆ ಕೇಳಿ. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಎಷ್ಟೋ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಅಂಗಡಿ ಮತ್ತು ಹೋಟೆಲು ಕೆಲಸಗಾರರ ದುಡಿಮೆಗೆ ಮಿತಿ ಹಾಕುವ ಕಾನೂನನ್ನು ಮುಂಬಯಿ ಪ್ರಾಂತ 1939ರಲ್ಲೇ ಮಾಡಿತು. ಅದರ ಜಾಗಕ್ಕೆ ಬಂದ 1948ರ ಕಾಯ್ದೆ ಹೋಟೆಲು ಕೆಲಸಗಾರನಿಗೆ ದಿನಕ್ಕೆ 9 ಗಂಟೆಯ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ಕೊಟ್ಟಿತು. ಎಲ್ಲ ಕಡೆ ಅದು ಪಾಲನೆಯಾಯಿತೇ ಎಂದರೆ, ನಮ್ಮ ಹಿರಿಯರನ್ನೇ ಕೇಳಬೇಕು. ಆದರೆ ಕೇಳಲು ಒಂದು ಹಕ್ಕು ಇತ್ತು. 2017ರಲ್ಲಿ ಅದರ ಬದಲಿಗೆ ಹೊಸ ಕಾಯ್ದೆ ಬಂತು. ಹಾಗೆಯೇ ಚಾಳಿನ ಬಾಡಿಗೆಯನ್ನು ಹಿಡಿದಿಟ್ಟದ್ದು 1947ರ ಬಾಡಿಗೆ ಕಾಯ್ದೆ, ಆಮೇಲೆ 1999ರ ಕಾಯ್ದೆ. ಕೊಳೆಗೇರಿಗಳ ಸುಧಾರಣೆಗೆ 1971ರ ಕಾಯ್ದೆ. ನಿಮ್ಮ ಖೋಲಿಯ ಬಾಡಿಗೆ ಚೀಟಿಯ ಹಿಂದೆ ಈ ಸಭೆಯ ಮುದ್ರೆ ಇದೆ ಎನ್ನಬಹುದು.

ಇನ್ನು ಸಭೆ ನಡೆಯುವ ರೀತಿ. ಮಹಾರಾಷ್ಟ್ರ ವಿಧಾನಸಭೆಗೆ 288 ಸದಸ್ಯರು. ಅದರಲ್ಲಿ ಮುಂಬಯಿಯ ಪಾಲು 36: ನಗರ ಜಿಲ್ಲೆಯಿಂದ 10, ಉಪನಗರದಿಂದ 26. ಬಹುಮತಕ್ಕೆ 145 ಬೇಕು. ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಸಂಖ್ಯೆ, ಒಟ್ಟು ಸದಸ್ಯರ ಹತ್ತನೇ ಒಂದು ಭಾಗ. ಲೆಕ್ಕ ಹಾಕಿದರೆ 29. ಅಧ್ಯಕ್ಷರು ಸಾಮಾನ್ಯವಾಗಿ ಮತ ಹಾಕುವುದಿಲ್ಲ, ಎರಡೂ ಕಡೆ ಸಮ ಬಂದರೆ ಮಾತ್ರ ಹಾಕುತ್ತಾರೆ. ತೆರಿಗೆ ಮತ್ತು ಖರ್ಚಿನ ಮಸೂದೆ ಮೊದಲು ಬರಬೇಕಾದದ್ದು ಇಲ್ಲಿಗೇ. ಮೇಲ್ಮನೆಯಾದ ವಿಧಾನ ಪರಿಷತ್ತು ಅದನ್ನು 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ. ಹಣದ ಚೀಲದ ದಾರ ಕೆಳಮನೆಯ ಕೈಯಲ್ಲೇ ಇದೆ ಎಂದು ತಿಳಿಯಿರಿ. ಬಜೆಟ್ ಮತ್ತು ಮಳೆಗಾಲದ ಅಧಿವೇಶನಗಳು ಮುಂಬಯಿಯಲ್ಲಿ, ಚಳಿಗಾಲದ್ದು ರೂಢಿಯಂತೆ ನಾಗಪುರದಲ್ಲಿ. ಅದರ ಹಿಂದಿರುವುದು 1953ರ ನಾಗಪುರ ಒಪ್ಪಂದ.

ಮರಾಠಿ ಪತ್ರಿಕೆಯಲ್ಲಿ 'ತಾರಾಂಕಿತ ಪ್ರಶ್ನ' ಎಂದು ಓದಿರುತ್ತೀರಿ. ಅದೇ ನಮ್ಮ ಚುಕ್ಕೆ ಗುರುತಿನ ಪ್ರಶ್ನೆ. ಮಂತ್ರಿ ಎದ್ದು ನಿಂತು ಬಾಯಿಯಲ್ಲೇ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. 'ಲಕ್ಷವೇಧಿ' ಎಂದರೆ ತುರ್ತು ವಿಷಯದ ಕಡೆ ಸರ್ಕಾರದ ಗಮನ ಸೆಳೆಯುವ ಸೂಚನೆ. ಮಂತ್ರಿ ಸದನದಲ್ಲಿ 'ಮಾಡಿಕೊಡುತ್ತೇವೆ' ಎಂದರೆ ಮಾತು ಗಾಳಿಗೆ ಹೋಗುವುದಿಲ್ಲ. ಅದನ್ನು ಬರೆದಿಟ್ಟು ಬೆನ್ನು ಹತ್ತಲು ಆಶ್ವಾಸನ ಸಮಿತಿ ಇದೆ. ಜನರ ಅರ್ಜಿಗಳನ್ನು ನೋಡಲು ಬೇರೊಂದು ಸಮಿತಿ ಇದೆ.

ಭಾಷೆಯ ಮಾತೂ ಬರಬೇಕಲ್ಲ. ಸಂವಿಧಾನದ 210ನೇ ವಿಧಿಯ ಪ್ರಕಾರ ವಿಧಾನಸಭೆಯ ಕಲಾಪ ರಾಜ್ಯದ ಅಧಿಕೃತ ಭಾಷೆಯಲ್ಲಿ, ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ಈ ಯಾವ ಭಾಷೆಯಲ್ಲೂ ತನ್ನ ಮನಸ್ಸಿನ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದು. ಭಾಷೆ ಬಾರದೆಂಬ ಕಾರಣಕ್ಕೆ ಜನರ ಪ್ರತಿನಿಧಿ ಬಾಯಿ ಮುಚ್ಚಿ ಕೂರಬಾರದು ಎಂಬುದು ಸಂವಿಧಾನದ ಆಶಯ. ಪ್ರತಿನಿಧಿಗೇ ಹೀಗಿರುವಾಗ ಮತ ಹಾಕಿದ ನಾವೇಕೆ ಸಂಕೋಚಪಡಬೇಕು?

ಮಿತ್ರರೇ, ಪ್ರಶ್ನೆ ಕೇಳುವ ಶಾಸಕನಿಗೂ ವಿಷಯ ತಂದುಕೊಡುವವರು ಬೇಕು. ಗಟಾರ, ಕಸದ ಮಾತಾದರೆ ನಗರಪಾಲಿಕೆಗೆ ಹೋಗಿ. ಪೊಲೀಸ್ ಠಾಣೆ, ಬಾಡಿಗೆ ಕಾನೂನು, ರಾತ್ರಿ ಶಾಲೆಯ ಅನುದಾನ, ಚಾಳಿನ ಪುನರ್ನಿರ್ಮಾಣದ ಮಾತಾದರೆ ಶಾಸಕರ ಬಳಿ ಹೋಗಿ. ಹೇಳಿ ಬಂದರೆ ಸಾಲದು, ಬರೆದು ಕೊಡಿ, ದಿನಾಂಕ ಹಾಕಿ, ಒಂದು ಪ್ರತಿ ನಿಮ್ಮಲ್ಲಿರಲಿ. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವಕ್ಕೆ ಶಾಸಕರನ್ನು ಕರೆದು ಶಾಲು ಹೊದಿಸುತ್ತವೆ, ಸಂತೋಷ. ಶಾಲಿನ ಜೊತೆಗೆ ಒಂದು ಮನವಿ ಪತ್ರವನ್ನೂ ಕೈಗಿಟ್ಟರೆ ಇನ್ನೂ ಸಂತೋಷ.

ಇದಕ್ಕೆಲ್ಲ ಮೊದಲ ಮೆಟ್ಟಿಲು ಮತದಾರರ ಪಟ್ಟಿ. ಹೆಸರು ಊರಿನಲ್ಲೂ ಇರಲಿ, ಇಲ್ಲಿಯೂ ಇರಲಿ ಎಂದರೆ ಕಾನೂನು ಒಪ್ಪುವುದಿಲ್ಲ, ಒಂದೇ ಕಡೆ ಇರಬೇಕು. ವರ್ಷದ ಹನ್ನೊಂದು ತಿಂಗಳು ಇಲ್ಲಿ ದುಡಿದು, ಇಲ್ಲಿಯ ನೀರು ಕುಡಿದು, ಮಕ್ಕಳನ್ನು ಇಲ್ಲಿಯೇ ಓದಿಸುತ್ತಿರುವವರು ಹೆಸರು ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ಊರಿನ ಮೇಲಿನ ಪ್ರೀತಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ನಿಮ್ಮ ಕ್ಷೇತ್ರ ಯಾವುದು, ಶಾಸಕರು ಯಾರು, ಅವರನ್ನು ಏನು ಕೇಳಬೇಕೆಂದಿದ್ದೀರಿ ಎಂದು ನಮಗೊಂದು ಪತ್ರ ಬರೆಯಿರಿ. ಆಯ್ದ ಪತ್ರಗಳನ್ನು ಕನ್ನಡ ವೇಳೆಯಲ್ಲಿ ಓದುತ್ತೇವೆ. ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ನಮಸ್ಕಾರ.