ಬಾಡಿಗೆ ಮುಟ್ಟಿತು, ಮಾತು ಮುಟ್ಟಲಿಲ್ಲ



ನೀರಮಾನ್ವಿ, ಮಾನ್ವಿ, ದೇವದುರ್ಗದ ಕಡೆಯಿಂದ ನೌಕರಿ ಹಿಡಿದು ಬೆಂಗಳೂರು, ಹೈದರಾಬಾದ್ ಸೇರಿದವರಲ್ಲಿ ಎಷ್ಟೋ ಮಂದಿ ರಾಯಚೂರಿನಲ್ಲಿ ಒಂದು ಮನೆ ಕಟ್ಟಿಸಿಟ್ಟಿರುತ್ತಾರೆ. ರಿಟೈರ್ ಆದ ಮೇಲೆ ಬಂದು ಇರುವ ಆಸೆ. ಅಲ್ಲಿಯತನಕ ಅದು ಬಾಡಿಗೆಗೆ. ಕೃಷಿ ವಿಶ್ವವಿದ್ಯಾಲಯದವರು, ರಿಮ್ಸ್ ಆಸ್ಪತ್ರೆಯವರು, ಬ್ಯಾಂಕಿನವರು, ವರ್ಗವಾಗಿ ಬಂದ ಮೇಷ್ಟ್ರುಗಳು, ಯಾರಾದರೂ ಸಿಗುತ್ತಾರೆ. ಅವರನ್ನು ಹುಡುಕಿ ತರುವವನು, ತಿಂಗಳಿಗೊಮ್ಮೆ ಬಾಡಿಗೆ ವಸೂಲು ಮಾಡಿ ಕಳಿಸುವವನು, ಕೀಲಿಕೈ ಇಟ್ಟುಕೊಂಡವನು ಒಬ್ಬ ದಲ್ಲಾಳಿ.

ಮಳೆಗಾಲದಲ್ಲಿ ಈ ಮೂವರ ನಡುವೆ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಬಾಡಿಗೆದಾರರು ದಲ್ಲಾಳಿಗೆ ಹೇಳುತ್ತಾರೆ: “ಬಾತ್‌ರೂಮಿನ ಗ್ವಾಡಿ ಹಸಿ ಹಿಡದದ ನೋಡ್ರಿ, ಮಕ್ಕಳು ಮಲಗೋ ಕೋಣಿತನಕ ಬಂದದ.” ದಲ್ಲಾಳಿ ಬೆಂಗಳೂರಿಗೆ ಫೋನ್ ಹಚ್ಚುತ್ತಾನೆ. “ಈಗ ಬ್ಯಾಡ ಬಿಡಪ, ದೀಪಾವಳಿಗಿ ಬಂದಾಗ ನೋಡಮು” ಎಂದು ಅಲ್ಲಿಂದ ಉತ್ತರ. ಅದನ್ನು ಹಾಗೇ ಹೇಳಲು ಬಾಯಿ ಬಾರದೆ ದಲ್ಲಾಳಿ, “ಸಾಹೇಬರಿಗೆ ಹೇಳೀನ್ರಿ, ಮಾಡಸ್ತಾರ” ಎನ್ನುತ್ತಾನೆ. ದೀಪಾವಳಿ ಬರುತ್ತದೆ, ಹೋಗುತ್ತದೆ. ಮಾಳಿಗೆ ಸೋರಿದರೆ ನಮಗೆಲ್ಲ ಅದನ್ನೇ ಹಾಡುವ ತತ್ವಪದ ನೆನಪಾಗುತ್ತದೆ. ಕೆಳಗೆ ಬಕೀಟು ಇಟ್ಟು ಕೂತವರಿಗೆ ನೆನಪಾಗುವುದು ಬೇರೆ.

ಮಾಲಕರು ಒಂದೆಡೆ ಕೂತರೆ ದಲ್ಲಾಳಿಯ ದೂರು ಶುರುವಾಗುತ್ತದೆ. ನಲ್ಲಿಯ ವಾಷರ್ ಹಾಕಿಸಿ ಇಡೀ ಪೈಪಿನ ಲೆಕ್ಕ ಹಚ್ಚಿದ, ಸುಣ್ಣ ಬಳಿಸಿದೆ ಅಂದ, ಹೋಗಿ ನೋಡಿದರೆ ಮುಂದಿನ ಗೋಡೆಗಷ್ಟೇ ಬಳಿದಿತ್ತು. ಇಂಥವರೂ ಇದ್ದಾರೆ, ಸುಳ್ಳಲ್ಲ. 1872ರ ಕರಾರು ಕಾಯ್ದೆಯೇ ಹೇಳುತ್ತದೆ: ಮಾಲಕ ಕೇಳಿದಾಗ ಏಜೆಂಟನು ಸರಿಯಾದ ಲೆಕ್ಕ ಒಪ್ಪಿಸಬೇಕು, ತೊಡಕು ಬಂದಾಗ ಮಾಲಕನಿಗೆ ತಿಳಿಸಿ ಅವನ ಮಾತು ಪಡೆಯಲು ಶ್ರಮಪಡಬೇಕು. ಕೇಳುವ ಹಕ್ಕು ಮಾಲಕನಿಗೆ ಇದ್ದೇ ಇದೆ. ಆದರೆ ಅದೇ ಕಾಯ್ದೆಯ 229ನೆಯ ಕಲಮನ್ನು ಮಾಲಕರು ಯಾರೂ ಉದ್ಧರಿಸುವುದಿಲ್ಲ. ತಾನು ವಹಿಸಿಕೊಂಡ ಕೆಲಸದ ನಡುವೆ ಏಜೆಂಟನಿಗೆ ತಿಳಿದದ್ದು, ಹೊರಗಿನವರ ಮಟ್ಟಿಗೆ, ಮಾಲಕನಿಗೇ ತಿಳಿದಂತೆ ಎನ್ನುತ್ತದೆ ಅದು. ಹಸಿ ಗೋಡೆಯ ಸುದ್ದಿ ದಲ್ಲಾಳಿಯ ಕಿವಿಗೆ ಬಿದ್ದರೆ ಬೆಂಗಳೂರಿನ ಕಿವಿಗೂ ಬಿತ್ತು. ‘ನನಗೆ ಗೊತ್ತೇ ಇರಲಿಲ್ಲ’ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ನನಗೆ ಕಾಣುವಂತೆ ಕಮಿಷನ್ ಕೊಟ್ಟು ನಾವು ಮಾಲಕರು ಎಷ್ಟೋ ಸಲ ಕೊಳ್ಳುವುದು ಮನೆಯ ನಿಗಾ ಅಲ್ಲ, ಕಿವಿಗೆ ಬೀಳದಿರುವ ಸುಖ. ತಿಂಗಳ ಮೊದಲ ವಾರ ಖಾತೆಗೆ ಹಣ ಬರಬೇಕು, ಫೋನ್ ಬರಬಾರದು. ಊರಿನ ಯಲ್ಲಮ್ಮನ ಜಾತ್ರೆಗೆಂದು ರಾಯಚೂರು ಸ್ಟೇಷನ್ನಿನಲ್ಲಿ ಇಳಿದವರು ಸ್ವಂತ ಮನೆಯ ಓಣಿ ತಪ್ಪಿಸಿ ನೇರ ನೀರಮಾನ್ವಿಯ ಬಸ್ಸು ಹತ್ತುವುದುಂಟು. ಹೋದರೆ ಬಾಡಿಗೆದಾರರು ಏನಾದರೂ ತೋರಿಸುತ್ತಾರಲ್ಲ ಎಂದು.

ಮಾಲಕ ದೂರ, ಇರುವವರು ಇಲ್ಲಿ, ನಡುವೆ ವಸೂಲಿಯವನು. ಈ ಏರ್ಪಾಟು ನಮ್ಮ ಸೀಮೆಗೆ ಹೊಸದೇನಲ್ಲ. ನಿಜಾಮರ ಕಾಲದ ಜಹಗೀರುಗಳು ಹೀಗೇ ನಡೆದವು. 1949ರಲ್ಲಿ ಅವು ರದ್ದಾದವು. ದೂರ ಕೂತು ಉಣ್ಣುವ ರೂಢಿ ಮಾತ್ರ ಕಾಗದದ ಮೇಲೆ ರದ್ದಾಗುವಂಥದ್ದಲ್ಲ, ಎರಡು ಬೆಡ್‌ರೂಮಿನ ಮನೆಯಲ್ಲೂ ತಲೆ ಎತ್ತುತ್ತದೆ.

ಮಣ್ಣಿನ ಮಾಳಿಗೆಯ ಮನೆಗಳಿದ್ದಾಗ ಮಿರಗದ ಮಳೆ ಕೂಡುವ ಮೊದಲೇ ಮನೆಯವರು ಮಾಳಿಗೆ ಹತ್ತುತ್ತಿದ್ದರು. ಹುಲ್ಲು ಕಿತ್ತು, ಬಿರುಕು ಮುಚ್ಚಿ, ಸವಳು ಮಣ್ಣು ಹರವಿ ಒತ್ತುತ್ತಿದ್ದರು. ಪಕ್ಕದ ಅಂಕಣದಲ್ಲಿ ಬಾಡಿಗೆಗೆ ಇದ್ದ ಮೇಷ್ಟ್ರ ತಲೆಯ ಮೇಲೂ ಅದೇ ಮಾಳಿಗೆ. ಸೋರಿದರೆ ಇಬ್ಬರಿಗೂ ಸೋರುತ್ತಿತ್ತು. ಆಗಿನ ಮಾಲಕರು ಈಗಿನವರಿಗಿಂತ ಒಳ್ಳೆಯವರಾಗಿದ್ದರು ಅಂತ ನಾನು ನಂಬುವುದಿಲ್ಲ. ಅವರೂ ಅದೇ ಜಂತೆಯ ಕೆಳಗೆ ಮಲಗುತ್ತಿದ್ದರು, ಅಷ್ಟೆ.

ಇನ್ನು ದಲ್ಲಾಳಿಯ ಕಡೆಯಿಂದ ನೋಡೋಣ. ಕೇಳದೆ ಖರ್ಚು ಮಾಡಿದರೆ ಕಳ್ಳ, ಕೇಳಿದರೆ ‘ಮುಂದೆ ನೋಡೋಣ’. ಪ್ಲಂಬರಿಗೆ ಕೈಯಿಂದ ಕೊಟ್ಟ ಹಣ ಯಾವಾಗ ಬರುತ್ತದೋ ತಿಳಿಯದು. ಅವನ ದೊಡ್ಡ ಗಳಿಕೆ ಇರುವುದಾದರೂ ಎಲ್ಲಿ? ಬಾಡಿಗೆದಾರ ಬದಲಾದಾಗ ಸಿಗುವ ಕಮಿಷನ್ನಿನಲ್ಲಿ. ಸೋರುವ ಮನೆಯಿಂದ ಜನ ವರ್ಷ ತುಂಬುವುದರೊಳಗೆ ಎದ್ದು ಹೋದರೆ ಮಾಲಕನಿಗೆ ನಷ್ಟ, ಅವನಿಗೆ ಲಾಭ. ಹೀಗೆ ಕೂಲಿ ಗೊತ್ತುಮಾಡಿದವರು ನಾವು. ಆಮೇಲೆ ಅವನ ನಿಯತ್ತನ್ನು ಅಳೆಯಲು ಕೂಡುತ್ತೇವೆ.

11 ತಿಂಗಳ ಕರಾರು ಪತ್ರ ತೆಗೆದು ನೋಡಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆ ಎಷ್ಟು ಮುರಿಯಬೇಕು ಎಲ್ಲ ಇರುತ್ತದೆ. ಪೈಪು ಒಡೆದರೆ ಯಾರು ಮಾಡಿಸಬೇಕು ಎಂಬ ಸಾಲು ಬಹುತೇಕ ಇರುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಮಾಡಿಸಲು ಕಟ್ಟುಬಿದ್ದ ರಿಪೇರಿಯನ್ನು ತಿಳಿಸಿದ ಮೇಲೂ ಮಾಲಕ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಯಾವುದಕ್ಕೆ ಕಟ್ಟುಬಿದ್ದೆವು ಎಂಬುದನ್ನು ಬರೆದೇ ಇಡದಿದ್ದರೆ ಆ ಕಲಮೂ ಕೈಕಟ್ಟಿ ನಿಲ್ಲುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಗೋಡೆ, ಮಾಳಿಗೆಯಂಥ ಕಟ್ಟಡದ ಕೆಲಸ, ಸುಣ್ಣಬಣ್ಣ, ಪೈಪು ಬದಲಿಸುವುದು, ವೈರಿಂಗ್ ಮಾಲಕನ ಪಾಲಿಗೆ. ನಲ್ಲಿಯ ವಾಷರ್, ಸ್ವಿಚ್ಚು, ಚರಂಡಿ ಸ್ವಚ್ಛ ಮಾಡುವುದು, ಬಾಗಿಲಿನ ಕೀಲಿ ಬಾಡಿಗೆದಾರರ ಪಾಲಿಗೆ. ಅದು ಮಾದರಿ ಮಾತ್ರ. ಆದರೂ ನಮ್ಮ ಕರಾರಿಗೆ ಆ ನಾಲ್ಕು ಸಾಲು ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾದರೆ ದಲ್ಲಾಳಿ ಬೇಡವೇ? ದೂರವಿರುವವರಿಗೆ ಬೇಕು. ಇಂತಿಷ್ಟು ರೂಪಾಯಿವರೆಗಿನ ಕೆಲಸಕ್ಕೆ ನನ್ನನ್ನು ಕೇಳಬೇಡಪ್ಪ, ಮಾಡಿಸಿ ಚೀಟಿ ಕಳಿಸು ಎಂದು ಅವನಿಗೆ ಮೊದಲೇ ಹೇಳಿಬಿಡಬಹುದು. ಮನೆ ನೋಡಿಕೊಂಡದ್ದಕ್ಕೆ ತಿಂಗಳಿಗಿಷ್ಟು ಎಂದು ಬೇರೆಯಾಗಿ ಕೊಡಬಹುದು. ಬಾಡಿಗೆದಾರರಿಗೆ ನಮ್ಮ ನಂಬರನ್ನೂ ಕೊಡಬಹುದು. ಕೊಟ್ಟರೆ ಫೋನ್ ಬರುತ್ತದೆ ಎಂಬ ಅಂಜಿಕೆ ಇದ್ದದ್ದೇ. ಬರಲಿ. ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕೆಂದೇನಿಲ್ಲ. ‘ಸ್ವಿಚ್ಚು ನಿಮ್ಮದ್ರಿ, ವೈರಿಂಗ್ ನಂದು, ನಾಳೆನೇ ಮಂದಿ ಕಳಸ್ತೀನಿ’ ಎನ್ನುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.